ಗುಂಡಿ ಅಕ್ಕನ ಸ್ಪ್ಯಾಮ್ ಡಬ್ಬಿ

ನಮ್ಮ ಮಾರುಕಟ್ಟೆಗೆ ಗಾಜಿನ ಸೂರಿದೆ. ಬಿಸಿಲು ಬಂದರೆ ಒಳಗಿದ್ದವರು ಬೇಯುತ್ತೇವೆ, ಮೋಡ ಕವಿದರೆ ಗಿರಾಕಿಗೆ ಬಣ್ಣ ಗೊತ್ತಾಗುವುದಿಲ್ಲ. ಅದರಿಂದ ನನಗೇನೂ ನಷ್ಟವಿಲ್ಲ. ನನ್ನದು ಬೀಗ, ಚಿಲಕ, ಬಾಗಿಲ ಕೀಲುಗಳ ಅಂಗಡಿ. ಬೀಗದ ಬಣ್ಣ ಯಾವುದೆಂದು ಯಾರೂ ಕೇಳುವುದಿಲ್ಲ. ಕಷ್ಟವೆಲ್ಲ ಪಕ್ಕದ ಅಂಗಡಿಯ ಗುಂಡಿ ಅಕ್ಕನಿಗೆ.

ಅಂಗಿಯ ಗುಂಡಿ, ಕೋಟಿನ ಗುಂಡಿ, ಜಿಪ್ಪು, ದಾರ, ಲೇಸು ಇವಿಷ್ಟೇ ಅವಳ ವ್ಯಾಪಾರ. ಗೋಡೆ ತುಂಬ ತಗಡಿನ ಡಬ್ಬಿಗಳು, ಪ್ರತಿ ಡಬ್ಬಿಯ ಮೂತಿಗೂ ಒಳಗಿರುವ ಗುಂಡಿಯದೇ ಒಂದು ಮಾದರಿ ಅಂಟಿಸಿದೆ. ಕೋಟಿನಿಂದ ಒಂದೇ ಒಂದು ಗುಂಡಿ ಕಳೆದುಕೊಂಡವರು ಅಳುಮುಖ ಹೊತ್ತು ಬರುತ್ತಾರೆ. ಅಕ್ಕ ಆ ಕೋಟನ್ನು ಬಾಗಿಲ ಬೆಳಕಿಗೆ ಒಯ್ಯುತ್ತಾಳೆ, ಉಳಿದ ಗುಂಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾಳೆ, ಕೆಳತುಟಿಗೆ ಒತ್ತಿ ನೋಡುತ್ತಾಳೆ. ಕೊಂಬಿನದಾದರೆ ತುಟಿಗೆ ತಣ್ಣಗಿರುತ್ತದಂತೆ, ಪ್ಲಾಸ್ಟಿಕ್ಕಾದರೆ ಇಲ್ಲವಂತೆ. ಆಮೇಲೆ ನೇರವಾಗಿ ಒಂದು ಡಬ್ಬಿಗೆ ಕೈ ಹಾಕುತ್ತಾಳೆ. ಸರಿಜೋಡಿ ಸಿಗದಿದ್ದರೆ ಬರಿಗೈಯಲ್ಲಿ ವಾಪಸ್ ಕಳಿಸುತ್ತಾಳೆ.

"ಹತ್ತಿರದ್ದು ಒಂದು ಕೊಟ್ಟು ಕಳಿಸೋದಲ್ವಾ ಅಕ್ಕ?" ಎಂದು ನಾನು ಕೇಳಿದ್ದುಂಟು.

"ಹತ್ತಿರದ್ದು ಹಾಕ್ಕೊಂಡ್ರೆ ಎಲ್ರ ಕಣ್ಣೂ ಅಲ್ಲಿಗೇ ಹೋಗುತ್ತೆ ಸಾಹುಕಾರ್ರೇ. ಅದಕ್ಕಿಂತ ಖಾಲಿ ಬಿಡೋದೇ ವಾಸಿ."

ನಾನಾಗಿದ್ದರೆ ಕೊಟ್ಟೇ ಕಳಿಸುತ್ತಿದ್ದೆ, ಮೇಲೆ ಒಂದು ಜಿಪ್ಪನ್ನೂ ಅಂಟಿಸುತ್ತಿದ್ದೆ. ಅದಕ್ಕೇ ನನ್ನನ್ನು ಸಾಹುಕಾರ ಎಂದು ಹಂಗಿಸುವುದು ಅವಳಿಗೆ ಅಭ್ಯಾಸ.

ಅವಳ ಅಂಗಡಿಯ ಬಾಗಿಲಲ್ಲಿ ಒಂದು ಮೂರು ಕಾಲಿನ ಸ್ಟೂಲಿದೆ. ಅದರ ಮೇಲೆ ಯಾರೂ ಕೂರುವ ಹಾಗಿಲ್ಲ. ಕಾಲು ನೋವೆಂದು ಬಂದ ಗಿರಾಕಿಗೂ ಒಳಗಿನ ಕುರ್ಚಿ ತಂದುಕೊಡುತ್ತಾಳೆಯೇ ಹೊರತು ಸ್ಟೂಲು ಕೊಡುವುದಿಲ್ಲ. ಅದು ಅವಳ ಅಣ್ಣನದು.

ಅಣ್ಣನಿಗೆ ನಾವೆಲ್ಲ ಕಹಳೆ ಎನ್ನುತ್ತಿದ್ದೆವು. ಅಂಗಡಿ ಆಗುವ ಮೊದಲು ಅವರದು ತಳ್ಳುಗಾಡಿ. ಕೂಗುವುದು ಅವನ ಕೆಲಸ, ಜೋಡಿ ಹುಡುಕಿ ಕೊಡುವುದು ಅವಳದು. ಅವನು ಒಂದು ಕೈಯನ್ನು ಬಾಯಿಯ ಪಕ್ಕಕ್ಕೆ ಗೋಡೆಯ ಹಾಗೆ ಹಿಡಿದು, "ಬನ್ನಿ ಬನ್ನಿ ಬನ್ನೀಈಈ! ಅಂಗಿ ನಿಮ್ದು, ಗುಂಡಿ ನಮ್ದು! ಹನ್ನೊಂದು ತಗೊಂಡ್ರೆ ಹನ್ನೆರಡನೇದು ಬಿಟ್ಟಿ! ಇವತ್ತು ಬಿಟ್ರೆ ಮತ್ತೆ ಇಲ್ಲ!" ಎಂದು ಕೂಗಿದರೆ ಮೂರನೆಯ ಬೀದಿಯ ಹೆಂಗಸರು ತಮ್ಮ ಗಂಡಂದಿರ ಅಂಗಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. 'ಇವತ್ತು ಬಿಟ್ರೆ ಮತ್ತೆ ಇಲ್ಲ' ಎಂಬುದನ್ನು ಅವನು ವರ್ಷವಿಡೀ, ಪ್ರತಿದಿನ ಹೇಳುತ್ತಿದ್ದ. ಯಾರೂ ತಕರಾರು ಮಾಡಲಿಲ್ಲ.

ತಮಾಷೆ ಎಂದರೆ, ಮನೆಯಲ್ಲೂ ಅವನ ಮಾತು ಹಾಗೆಯೇ. ತಂಗಿಯನ್ನು ಊಟಕ್ಕೆ ಕರೆಯುವಾಗ "ಬಿಸಿ ಬಿಸಿ, ಕಡೇ ತಟ್ಟೆ, ಈಗ ಬಿಟ್ರೆ ಇಲ್ಲ!" ಎನ್ನುವನು. ಜ್ವರ ಬಂದು ಮಲಗಿದವಳ ತಲೆಗೆ ಒದ್ದೆಬಟ್ಟೆ ಹಾಕುವಾಗಲೂ "ತಂಪು ಬಿಟ್ಟಿ! ತಂಪು ಬಿಟ್ಟಿ!" ಎಂದನಂತೆ. ಆ ಮನೆಯಲ್ಲಿ ಪ್ರೀತಿಗೆ ಬೇರೆ ಭಾಷೆ ಇರಲಿಲ್ಲ. ಅವನು ನೆಟ್ಟಗೆ, ಮೆಲ್ಲಗೆ ಮಾತಾಡಿದರೆ ಏನೋ ಕೋಪ ಬಂದಿದೆ ಎಂದೇ ಅರ್ಥ.

ಗಾಜಿನ ಸೂರಿನ ಕೆಳಗೆ ಅಂಗಡಿ ಸಿಕ್ಕಿದ ಮೇಲೆ ಅವನ ಕೆಲಸ ಹೋಯಿತು. ಇಲ್ಲಿ ಕೂಗುವ ಹಾಗಿಲ್ಲ, ವ್ಯಾಪಾರಿಗಳ ಸಂಘದ ನಿಯಮ. ಕೂಗದೆ ಅವನಿಗೆ ಇರಲಾಗದು. ಸ್ಟೂಲಿನ ಮೇಲೆ ಕೂತು, ಅದಾಗಲೇ ಒಳಗೆ ಬಂದು ನಿಂತಿದ್ದ ಗಿರಾಕಿಯ ಕಿವಿಗೇ "ಬನ್ನಿ ಬನ್ನಿ" ಎನ್ನುತ್ತಿದ್ದ. ಒಂದು ದಿನ ಮದುವೆಯ ಕೋಟಿಗೆ ಗುಂಡಿ ಹುಡುಕಲು ಬಂದ ದೊಡ್ಡ ಗಿರಾಕಿ ಬೆಚ್ಚಿ ಪೊಟ್ಟಣ ಕೆಳಗೆ ಹಾಕಿದಳು. ಗುಂಡಿಗಳೆಲ್ಲ ನನ್ನ ಅಂಗಡಿಯ ತನಕ ಉರುಳಿ ಬಂದವು. ಅಕ್ಕ ನೆಲದಲ್ಲಿ ಮಂಡಿಯೂರಿ ಆರಿಸುತ್ತಾ, ಎಲ್ಲರ ಎದುರಿಗೆ, "ಸ್ವಲ್ಪ ಬಾಯಿ ಮುಚ್ಚಣ್ಣ!" ಎಂದುಬಿಟ್ಟಳು.

ಅವನು ಬಾಯಿ ಮುಚ್ಚಿದ. ತಾನೂ ಕೂತು ಗುಂಡಿ ಆರಿಸಿಕೊಟ್ಟ. ಸಂಜೆ ಮೆಲ್ಲಗೆ, ನೆಟ್ಟಗೆ, "ನಾನು ಮಗಳ ಊರಿಗೆ ಹೋಗ್ತೀನಮ್ಮ" ಎಂದ. ಹೋದ.

ಹೋದ ಮೇಲೆ ಕೆಲವು ತಿಂಗಳಿಗೆ ಅವನ ಗಂಟಲಿಗೆ ಆಪರೇಷನ್ ಆಯಿತು. ಮಗಳೇ ಫೋನು ಮಾಡಿ ಹೇಳಿದಳು: "ಅಪ್ಪ ಚೆನ್ನಾಗಿದ್ದಾರೆ ಅತ್ತೆ. ಧ್ವನಿ ಮಾತ್ರ ಹೋಯ್ತು. ಇನ್ನು ಬರಲ್ಲ ಅಂದ್ರು ಡಾಕ್ಟರು." ಅಕ್ಕ ಫೋನು ಹಿಡಿದುಕೊಂಡೇ ಸ್ಟೂಲಿನ ಪಕ್ಕ ನಿಂತಿದ್ದಳು. ಹೊರಟುಬಿಡುವುದರಲ್ಲಿದ್ದಳು. ಆದರೆ ಮಗಳು, "ಈಗ ಬರಬೇಡಿ ಅತ್ತೆ. ಯಾರೂ ನೋಡೋದು ಬೇಡ ಅಂತ ಸನ್ನೆ ಮಾಡ್ತಿದ್ದಾರೆ. ಅವರೇ ಬರೀತಾರಂತೆ, ನಿಮ್ಮ ಅಂಗಡಿ ಬೋರ್ಡಿನಲ್ಲಿರೋ ಇಮೇಲಿಗೆ" ಎಂದಳು. ಕಹಳೆ ತನ್ನ ಫೋನನ್ನು ಯಾರಿಗೋ ಕೊಟ್ಟುಬಿಟ್ಟಿದ್ದನಂತೆ. ಸದ್ದಿಲ್ಲದವನಿಗೆ ಫೋನು ಯಾಕೆ?

ಅಂದಿನಿಂದ ಅಕ್ಕ ಕಾದಳು. ಸಂಘದವರು ಹೇಳಿದರೆಂದು ನಾವೆಲ್ಲ ಅಂಗಡಿಗೊಂದು ಕಂಪ್ಯೂಟರು ಇಟ್ಟು, ಬೋರ್ಡಿನ ಕೆಳಗೆ ಇಮೇಲ್ ವಿಳಾಸ ಬರೆಸಿದ್ದೆವು. ನನ್ನದರ ಮೇಲೆ ನಾನು ಕೀಲಿಗೊಂಚಲು ತೂಗುಹಾಕುತ್ತೇನೆ. ಅವಳು ಮಾತ್ರ ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ಅದನ್ನೇ ತೆರೆದು ಕೂರುತ್ತಿದ್ದಳು. ಬರುತ್ತಿದ್ದುದು ದಾರದ ಕಂಪನಿಯ ದರಪಟ್ಟಿ, ಸಂಘದ ಸೂಚನೆ, ಕರೆಂಟು ಇಲ್ಲ ಎಂಬ ಪ್ರಕಟಣೆ.

"ಏನಕ್ಕ, ಕಹಳೆ ಊದಿತಾ?"

"ಇಲ್ಲ ಸಾಹುಕಾರ್ರೇ. ಇನ್ನೂ ಕೋಪ ಇರಬೇಕು."

"ನೀನೇ ಒಂದು ಫೋನು ಮಾಡು ಮಗಳಿಗೆ."

"ಬರೀತೀನಿ ಅಂದಿದ್ದಾನೆ. ಬರೆಯದೆ ಇದ್ದಾನೆ ಅಂದ್ರೆ ಬೇಡ ಅಂತ ತಾನೆ? ಹೇಳಿದ ಮಾತು ನನ್ನದು. ಯಾವ ಮುಖ ಇಟ್ಕೊಂಡು ಫೋನು ಮಾಡಲಿ?"

ಒಮ್ಮೆ ಬಾಯಿ ಮುಚ್ಚೆಂದಳು, ಅದು ಮುಚ್ಚಿಯೇಹೋಯಿತು. ತನ್ನ ಮಾತು ತಾಗಿತು ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಗಂಟಲಿನ ಕಾಯಿಲೆ ಯಾರ ಮಾತಿಗೂ ಬರುವುದಿಲ್ಲ ಎಂದು ನಾನು ಹೇಳಿದೆ. ಅವಳು ಒಪ್ಪಿಕೊಂಡಳು, ನಂಬಲಿಲ್ಲ. ಅಣ್ಣನದೊಂದು ಸಾಲು ಬರಬೇಕು, ಬೈದಾದರೂ ಬರೆಯಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಆ ನಡುವೆ ಚಪ್ಪಲಿ ಅಂಗಡಿಯವನು ಯಾವುದೋ ಬಹುಮಾನದ ಇಮೇಲ್ ನಂಬಿ ಕೈ ಸುಟ್ಟುಕೊಂಡ. ಸಂಘದವರು ಹೆದರಿ, ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ ನಮಗೆಲ್ಲ ಪಾಠ ಮಾಡಿಸಿದರು. ಅಂದಿನಿಂದ ಅವನು ನಮಗೆ ಮೇಷ್ಟ್ರು. ಬೆರಳು ಮಡಿಸುತ್ತಾ ಹೇಳಿದ: "ಬಿಟ್ಟಿ ಅಂದ್ರೆ ಮೋಸ. ಇವತ್ತೇ ಕೊನೆ ಅಂದ್ರೆ ಮೋಸ. ಗುರುತಿಲ್ಲದವನು ಸಲಿಗೆಯಿಂದ ಬನ್ನಿ ಬನ್ನಿ ಅಂದ್ರೆ ಮೋಸ. ಸಾಲು ಸಾಲು ಆಶ್ಚರ್ಯಸೂಚಕ ಹಾಕಿದ್ರೆ ಮೋಸದ ಅಪ್ಪ. ತೆರೀಲೇಬೇಡಿ. ಸ್ಪ್ಯಾಮ್ ಅಂತ ಒತ್ತಿಬಿಡಿ. ಒಂದ್ಸಲ ಒತ್ತಿದ್ರೆ ಸಾಕು, ಮುಂದೆ ಅಂಥವನ್ನೆಲ್ಲ ಅದೇ ಹಿಡಿದು ಡಬ್ಬಿಗೆ ಹಾಕುತ್ತೆ."

"ಈ ಲೆಕ್ಕದಲ್ಲಿ ನಮ್ಮ ಮಾರುಕಟ್ಟೆಗೇ ಬೀಗ ಹಾಕಬೇಕಲ್ಲ ಮೇಷ್ಟ್ರೇ," ಎಂದೆ ನಾನು. "ಬೀಗ ನಾನೇ ಕೊಡ್ತೀನಿ. ಬಿಟ್ಟಿಯಲ್ಲ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಶ್ರದ್ಧೆಯಿಂದ ಕೇಳಿಸಿಕೊಂಡಳು. ಕೆಲವು ದಿನಗಳಾದ ಮೇಲೆ ನನ್ನ ಅಂಗಡಿಗೆ ಬಂದು ಹೆಮ್ಮೆಯಿಂದ, "ಇವತ್ತು ಒಬ್ಬನ ಬಾಯಿ ಮುಚ್ಚಿಸಿದೆ ಸಾಹುಕಾರ್ರೇ. ಯಾವುದೋ ಲಾಂಡ್ರಿಯ ಹೆಸರು. ಬಿಟ್ಟಿ ಬಿಟ್ಟಿ ಅಂತ ಒಂದೇ ಸಮನೆ ಅರಚಾಟ. ತೆರೀಲೇ ಇಲ್ಲ, ಒತ್ತಿಬಿಟ್ಟೆ!" ಎಂದಳು. ಭೇಷ್ ಎಂದೆ.

ಋತು ಬದಲಾಯಿತು. ಗಾಜಿನ ಸೂರಿನ ಮೇಲೆ ಒಣ ಎಲೆಗಳು ಬಿದ್ದವು, ಯಾರೋ ಗುಡಿಸಿ ತೆಗೆದರು. ಅಕ್ಕ ಬೆಳಿಗ್ಗೆ ಬೆಳಿಗ್ಗೆ ಕಂಪ್ಯೂಟರು ತೆರೆದಳು, ಮುಚ್ಚಿದಳು. ಫೋನಿನ ಕವರು ಮಾರುವವನು ಬಾಗಿಲಲ್ಲಿ ಒಂದು ಮೇಜು ಹಾಕಿಕೊಳ್ಳುತ್ತೇನೆ, ಸ್ಟೂಲು ತೆಗೆಯಿರಿ ಎಂದು ಕೇಳಿದ. "ಆ ಜಾಗ ಖಾಲಿ ಇಲ್ಲ" ಎಂದು ಕಳಿಸಿದಳು. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಅವಳು ಸುಮ್ಮನೆ ಬಾಗಿಲ ಕಡೆ ತಲೆ ವಾರೆ ಮಾಡಿ ಕೂತಿರುತ್ತಿದ್ದಳು. ಏನೋ ಕೇಳಿಸಿಕೊಳ್ಳುವವರ ಹಾಗೆ.

ಹೀಗಿರುವಾಗ ಜಿಪ್ಪಿನ ಸಗಟು ವ್ಯಾಪಾರಿ ಅವಳ ಮೇಲೆ ರೇಗಿದ. ಎಷ್ಟು ಇಮೇಲ್ ಕಳಿಸಿದರೂ ಉತ್ತರವಿಲ್ಲ, ಸರಕು ಬೇಕೋ ಬೇಡವೋ ಎಂದು. ಅವಳಿಗೆ ಒಂದೂ ಬಂದಿರಲಿಲ್ಲ. ಮೇಷ್ಟ್ರು ಬಂದ. ಪಕ್ಕದವರ ಕಂಪ್ಯೂಟರಿನಲ್ಲಿ ಏನಿದೆ ಎಂದು ನೋಡುವುದು ವ್ಯಾಪಾರಿಯ ಧರ್ಮ, ನಾನೂ ಹೋಗಿ ನಿಂತೆ.

"ಸ್ಪ್ಯಾಮ್ ಡಬ್ಬಿಗೆ ಬಿದ್ದಿದೆ ಅಕ್ಕ. ರಿಯಾಯಿತಿ ಅಂತ ಬರೆದಿದ್ದಾನಲ್ಲ, ಅದಕ್ಕೆ. ಜರಡಿ ಅಂದ್ಮೇಲೆ ಹೊಟ್ಟಿನ ಜೊತೆ ಒಂದೆರಡು ಕಾಳೂ ಹೋಗುತ್ತೆ."

"ಒಂದೆರಡೇನಾ?" ಎಂದೆ ನಾನು.

"ಜರಡಿ ಇಲ್ಲದಿದ್ರೆ ದಿನಾ ನೂರು ಕಳ್ಳರು ಬಾಗಿಲಿಗೆ ಬರ್ತಾರೆ. ಬೀಗ ಮಾರೋರು ನೀವೇ ಹಿಂಗಂದ್ರೆ ಹೆಂಗೆ?"

"ಬೀಗ ಮಾರೋದ್ರಿಂದಲೇ ಹೇಳ್ತಿರೋದು ಮೇಷ್ಟ್ರೇ. ಕಳ್ಳ ಹೇಗೋ ಒಳಗೆ ಬರ್ತಾನೆ. ಹೊರಗೆ ನಿಂತು ಬಾಗಿಲು ಬಡಿಯೋನು ಕೀಲಿ ಕಳ್ಕೊಂಡ ಮನೆಯವನೇ."

ಮೇಷ್ಟ್ರಿಗೆ ವಾದ ಬೇಕಿರಲಿಲ್ಲ, ಮನರಂಜನೆ ಬೇಕಿತ್ತು. ಡಬ್ಬಿಯೊಳಗಿನ ತಲೆಬರಹಗಳನ್ನು ಒಂದೊಂದಾಗಿ ಓದಿ ನಗಿಸತೊಡಗಿದ. ನಿಮಗೆ ಲಾಟರಿ ಬಂದಿದೆ. ಬೋಳುತಲೆಗೆ ಕೂದಲು. ಯಾವುದೋ ರಾಣಿಯ ಆಸ್ತಿ. ಅಕ್ಕ ಆಚೆ ಬದಿಯಲ್ಲಿ ಗಿರಾಕಿಗೆಂದು ಲೇಸು ಅಳೆಯುತ್ತಿದ್ದಳು.

"ಇದು ನೋಡಿ, ಇವನಂತೂ ಸಂತೆಯವನೇ ಇರಬೇಕು," ಎಂದು ಮೇಷ್ಟ್ರು ಸಪ್ಪೆ ಧ್ವನಿಯಲ್ಲಿ, ಒಂದೇ ಉಸಿರಿಗೆ ಓದಿದ: "ಬನ್ನಿ ಬನ್ನಿ ಬನ್ನೀಈಈ, ಬಿಟ್ಟಿ, ಬಿಟ್ಟಿ, ಇವತ್ತು ಬಿಟ್ರೆ ಮತ್ತೆ ಇಲ್ಲ."

ಲೇಸು ಅಳೆಯುತ್ತಿದ್ದ ಕೈ ನಿಂತಿತು.

"ಇನ್ನೊಂದ್ಸಲ ಓದು."

"ಅಯ್ಯೋ, ಇದು ಮೋಸ ಅಕ್ಕ..."

"ಓದು ಅಂದೆ."

ಅವನು ಓದಿದ. ಮೂರನೆಯ 'ಬನ್ನಿ'ಯನ್ನು ಬರೆದವನು ಎಳೆದ ಹಾಗೆಯೇ ಎಳೆದು ಓದಬೇಕಾಯಿತು, ಅಕ್ಷರಗಳು ಹಾಗಿದ್ದವು. ನನಗೆ ತಳ್ಳುಗಾಡಿ ಕಾಣಿಸಿತು. ಅಕ್ಕ ಲೇಸನ್ನು ಗಿರಾಕಿಯ ಕೈಯಲ್ಲೇ ಬಿಟ್ಟು ಬಂದು ಪರದೆಯ ಮುಂದೆ ನಿಂತಳು. ಮೇಷ್ಟ್ರು ತೆರೆದ. ಒಳಗೆ ಹೀಗಿತ್ತು:

"ಹಳೇ ಮಾಲು, ಒಂದೇ ಪೀಸು! ಅಣ್ಣ ಒಬ್ಬ! ಬಣ್ಣ ಮಾಸಿದೆ, ಹೊಲಿಗೆ ಗಟ್ಟಿ! ಸದ್ದು ಬರಲ್ಲ, ಗ್ಯಾರಂಟಿ!! ಬೇಕಾದವರು ಬಂದು ಎತ್ಕೊಂಡು ಹೋಗಬಹುದು! ಸಾಗಾಣಿಕೆ ಕೂಡ ಬಿಟ್ಟಿ!!!"

ಗಿರಾಕಿ ನಕ್ಕಳು. ಆಮೇಲೆ ಅಕ್ಕನ ಮುಖ ನೋಡಿ ಲೇಸು ಸುತ್ತಿಟ್ಟು ಸದ್ದಿಲ್ಲದೆ ಹೋದಳು.

ಲಾಂಡ್ರಿಯ ಹೆಸರಿನಿಂದ ಬಂದವು ಇನ್ನೂ ಎರಡಿದ್ದವು. ಕಹಳೆಯ ಮಗಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ಲಾಂಡ್ರಿಯಂತೆ, ಅಕ್ಕನಿಗೆ ಅದರ ಹೆಸರು ಗೊತ್ತಿರಲಿಲ್ಲ; ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ಬರೆದದ್ದು. ಎರಡನೆಯದರಲ್ಲಿ ಕೂಗು ಕಡಿಮೆಯಿತ್ತು: "ಗಿರಾಕಿ ಬಾಯಿ ಬಿಡ್ತಿಲ್ಲ! ಮೊದಮೊದಲು ಬರೆದದ್ದು ಓದಿದ್ಯೋ ಇಲ್ವೋ ಗೊತ್ತಿಲ್ಲ. ಆ ಮಾತು ಬರೆಯೋಕೆ ಒಂದ್ಸಲ ಧೈರ್ಯ ಬಂದಿತ್ತು. ಮತ್ತೆ ಬರೆಯಲ್ಲ. ಇವತ್ತು ಮಾಲು ಬೇರೆ!" ಎಂದು ಶುರುವಾಗಿ, ಲಾಂಡ್ರಿಗೆ ಬಂದ ಕೋಟುಗಳ ಗುಂಡಿಗಳನ್ನು ವರ್ಣಿಸಿದ್ದ. ಕೊನೆಯದರಲ್ಲಿ ಆಶ್ಚರ್ಯಸೂಚಕವೇ ಇರಲಿಲ್ಲ. "ಹೊತ್ತಾಯ್ತು. ಗಾಡಿ ಎತ್ತುತ್ತೀನಮ್ಮ."

ಆ ಮೆಲ್ಲಗಿನ, ನೆಟ್ಟಗಿನ ಮಾತನ್ನು ಕಂಡದ್ದೇ ಅಕ್ಕ ಕುರ್ಚಿ ಹುಡುಕಿ ಕೂತಳು.

"ಮೊದಮೊದಲಿಂದು ಎಲ್ಲಿ?"

"ಇಲ್ಲ ಅಕ್ಕ. ಡಬ್ಬಿಯಲ್ಲಿ ಬಿದ್ದದ್ದು ತಿಂಗಳಾದ್ರೆ ತಾನೇ ಅಳಿಸಿಹೋಗುತ್ತೆ."

"ಅಳಿಸಿದ್ದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಹೋಗುತ್ತೆ ಅಷ್ಟೆ."

"ವಾಪಸ್ ತೆಗೆಯೋಕೆ ಬರಲ್ವಾ?"

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದ. ಪಾಪ, ಸಮಾಧಾನ ಹೇಳಹೋಗಿ, "ಕಂಪ್ಯೂಟರು ತಾನಾಗಿ ಹಾಕಿರಲ್ಲ ಅಕ್ಕ. ಮೊದಲನೇದನ್ನ ನೀವೇ ಯಾವಾಗ್ಲೋ ಒತ್ತಿರಬೇಕು. ಅದನ್ನೇ ನೋಡಿ ಕಲಿತಿದೆ" ಎಂದ.

ಅಕ್ಕ ನನ್ನ ಕಡೆ ನೋಡಿದಳು. ನಾನು ಭೇಷ್ ಎಂದದ್ದು ಇಬ್ಬರಿಗೂ ನೆನಪಾಯಿತು.

"ಎರಡು ಸಲ ಮುಚ್ಚಿಸಿದೆ ಸಾಹುಕಾರ್ರೇ," ಎಂದಳು. "ಧ್ವನಿ ಇದ್ದಾಗ ಒಂದ್ಸಲ, ಇಲ್ಲದಾಗ ಒಂದ್ಸಲ."

ಮರುದಿನ ಒಳ್ಳೇ ವ್ಯಾಪಾರದ ದಿನ. ಅವಳ ಅಂಗಡಿಯ ಶಟರ್ ಮೇಲೇಳಲಿಲ್ಲ. ಚೀಲ ಹಿಡಿದು ಬಂದು ಕೀಲಿ ನನ್ನ ಕೈಗಿಟ್ಟಳು. "ಹೇಗೂ ನಿಮ್ಮ ಅಂಗಡಿ ಬೀಗ. ಇದರ ಜೋಡಿ ಕೀಲಿ ನಿಮ್ಮತ್ರ ಇದ್ದೇ ಇರುತ್ತೆ" ಎಂದು ಹಂಗಿಸುವುದನ್ನು ಮಾತ್ರ ಮರೆಯಲಿಲ್ಲ. ಬಸ್ಸಿಗೆ ಹೋದಳು.

ಏನಾಯಿತೆಂದು ಅವಳು ಬಂದ ಮೇಲೆ, ಚಹಾ ಆರಲು ಬಿಟ್ಟು ಹೇಳಿದ್ದು.

ಲಾಂಡ್ರಿಯ ಹಿಂಭಾಗದಲ್ಲಿ ಆವಿಯೋ ಆವಿ. ಹಗ್ಗದ ಮೇಲೆ ಹೋಟೆಲುಗಳ ಬಿಳೀ ಹಾಸಿಗೆ ಬಟ್ಟೆಗಳು. ಅವುಗಳ ನಡುವೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಯಾರದೋ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಾ ಕೂತಿದ್ದಾನೆ. ತಂಗಿಯನ್ನು ಕಂಡವನೇ ಅಭ್ಯಾಸಬಲದಿಂದ ಕೈ ಎತ್ತಿ ಬಾಯಿಯ ಪಕ್ಕಕ್ಕೆ ಹಿಡಿದ. ಬಾಯಿ ಮೂರು ಸಲ ತೆರೆಯಿತು, ಮೂರನೆಯ ಸಲ ಉದ್ದಕ್ಕೆ. ಉಸಿರಷ್ಟೇ ಬಂತು.

"ನನಗೆ ಕೇಳಿಸ್ತು ಸಾಹುಕಾರ್ರೇ. ನಿಜವಾಗ್ಲೂ. ಗಾಡಿಯ ಚಕ್ರದ ಸದ್ದೂ ಕೇಳಿಸ್ತು."

ಅವನಿಗೆ ಕೋಪವೇ ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲವಂತೆ. ತಂಗಿಗೇ ಇನ್ನೂ ಕೋಪ, ಅದಕ್ಕೇ ಉತ್ತರವಿಲ್ಲ ಎಂದು ಅವನು ಅಲ್ಲಿ ಕೂತಿದ್ದ. ಮಗಳು ಅತ್ತೆಯ ಮುಂದೆ ತಟ್ಟೆ ಇಟ್ಟು, ಮುಖ ಊದಿಸಿಕೊಂಡೇ, "ಅಪ್ಪ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೀತಿದ್ರು ಅತ್ತೆ. ನೀವು ಒಂದು ಸಾಲು ಬರೀಲಿಲ್ಲ. ಫೋನು ಮಾಡೋಣ ಅಂದ್ರೆ ಬೇಡ ಅಂತ ಕೈ ಹಿಡ್ಕೊಳ್ತಿದ್ರು" ಎಂದಳು. ನಡೆದದ್ದನ್ನು ಅಕ್ಕ ಹೇಳಿದಾಗ, ಕಹಳೆಗೆ ನಗು ಬಂದು ಹೊಟ್ಟೆ ಹಿಡಿದುಕೊಂಡ. ತನ್ನನ್ನು ಕಂಪ್ಯೂಟರು ಮೋಸಗಾರನೆಂದು ಗುರುತು ಹಿಡಿದದ್ದು ಅವನಿಗೆ ಬಹಳ ಹಿಡಿಸಿತಂತೆ. ಇಷ್ಟು ವರ್ಷ ಯಾರೂ ಹಿಡಿದಿರಲಿಲ್ಲವಲ್ಲ.

"ಮೊದಮೊದಲು ಏನು ಬರೆದಿದ್ದೆ ಅಣ್ಣ?" ಎಂದು ಅವಳು ಕೇಳಿದಳು. ಕಾಗದ, ಪೆನ್ನು ಮುಂದಿಟ್ಟಳು.

ಅವನು ಪೆನ್ನು ಮುಟ್ಟಲಿಲ್ಲ. ಸಂಜೆ ಗಾಡಿ ಬರಿದಾದಾಗ ಕೊನೆಯ ಗಿರಾಕಿಗೆ ಮಾಡುತ್ತಿದ್ದ ಹಾಗೆ ಎರಡೂ ಅಂಗೈಗಳನ್ನು ಮೇಲಕ್ಕೆ ತಿರುಗಿಸಿ ತೋರಿಸಿದ. ಮಾಲು ಖಾಲಿ. ಆಮೇಲೆ ಸೂಜಿಗೆ ದಾರ ಪೋಣಿಸಿಕೊಡೆಂದು ತಂಗಿಯ ಕೈಗಿತ್ತ. ಮೊದಮೊದಲು ಬರೆದದ್ದೇನೆಂದು ಮಗಳಿಗೂ ತಿಳಿಯದು. ಅದನ್ನು ಬರೆಯುವಾಗ ಎಡಗೈಯಿಂದ ಪರದೆ ಮುಚ್ಚಿಕೊಂಡಿದ್ದನಂತೆ.

"ಬಾ ಅಂದೆ. ಸ್ಟೂಲು ಹಾಗೇ ಇದೆ ಅಂದೆ. ಡಾಕ್ಟರು ಅಲ್ಲೇ ಇದ್ದಾರೆ, ವಾರವಾರ ತೋರಿಸಬೇಕು. ಮಗಳೂ ಬಿಡಲ್ಲ. ಅಲ್ಲೇ ಇರಲಿ, ಸರಿ." ಚಹಾದ ಮೇಲೆ ಕೆನೆ ಕಟ್ಟಿತ್ತು, ಅದನ್ನೇ ನೋಡುತ್ತಿದ್ದಳು. "ಅವತ್ತು ಗಿರಾಕಿ ಹೋದ್ರೆ ಹೋಗ್ತಿದ್ಳು. ಒಂದು ಸಲ, ಒಂದೇ ಒಂದು ಸಲ ಆ ಸದ್ದು ಕೇಳಿದ್ರೆ ಸಾಕು ಅನ್ಸುತ್ತೆ."

ಈಗ ಅವನು ಬರೆಯುತ್ತಾನೆ. ಒಂದೊಂದು ಸಲ ಲಾಂಡ್ರಿಯ ಕಂಪ್ಯೂಟರಿನಿಂದ, ಅದು ಖಾಲಿಯಿಲ್ಲದಿದ್ದರೆ ಪಕ್ಕದ ಹೋಟೆಲಿನದರಿಂದ, ಯಾರು ಕೊಟ್ಟರೆ ಅವರದರಿಂದ. ಮೇಷ್ಟ್ರು ಬಂದು ಲಾಂಡ್ರಿಯ ಹೆಸರಿಗೆ ಸ್ಪ್ಯಾಮ್ ಅಲ್ಲ ಎಂದು ಗುರುತು ಹಾಕಿದ. ಉಳಿದೆಡೆಯಿಂದ ಬಂದವು ಮಾತ್ರ, ಆ ಬನ್ನಿ ಬನ್ನಿ, ಆ ಬಿಟ್ಟಿ, ಆ ಆಶ್ಚರ್ಯಸೂಚಕಗಳ ಸಾಲು ಕಂಡದ್ದೇ ನೆಟ್ಟಗೆ ಡಬ್ಬಿಗೆ ಬೀಳುತ್ತವೆ.

"ಅವರಿಗೆ ಸ್ವಲ್ಪ ಎಲ್ಲರ ಹಾಗೆ ಬರೆಯೋಕೆ ಹೇಳಿ ಅಕ್ಕ," ಎಂದ ಮೇಷ್ಟ್ರು. "ಪ್ರೀತಿಯ ತಂಗಿಗೆ, ಕ್ಷೇಮ, ಅಂತ. ಸರಾಗವಾಗಿ ಒಳಗೆ ಬರುತ್ತೆ."

"ಬೇಡ ಮೇಷ್ಟ್ರೇ. ಅವನು ಹಾಗೆ ಬರೆದ್ರೆ ನನಗೆ ಹೆದರಿಕೆ ಆಗುತ್ತೆ. ಅವನು ಕೂಗ್ಲಿ. ನಾನು ಹುಡುಕ್ಕೊತೀನಿ."

ಆದ್ದರಿಂದ ನಮ್ಮ ಮಾರುಕಟ್ಟೆಯಲ್ಲಿ, ಬಹುಶಃ ಲೋಕದಲ್ಲೇ, ಸ್ಪ್ಯಾಮನ್ನು ಒಂದೂ ಬಿಡದೆ ಓದುವ ವ್ಯಾಪಾರಿ ಇವಳೊಬ್ಬಳೇ. ಶಟರ್ ಎತ್ತಿ, ಸ್ಟೂಲನ್ನು ಒರೆಸಿ ಬಾಗಿಲಿಗಿಟ್ಟು, ಪರದೆಯ ಮುಂದೆ ಕೂರುತ್ತಾಳೆ.

"ಏನಕ್ಕ ಇವತ್ತು?"

"ಎರಡು ಲಾಟರಿ. ಒಂದು ಕೂದಲೆಣ್ಣೆ. ನಿಮಗೇ ಬೇಕಾಗುತ್ತೆ, ತೆಗೆದಿಡ್ಲಾ?"

"ಕಹಳೆ?"

"ನೋಡ್ತಿದ್ದೀನಿ."

ತಲೆಬರಹಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಇಳಿಯುತ್ತಾಳೆ, ಡಬ್ಬಿಯಲ್ಲಿ ಜೋಡಿ ಹುಡುಕುವಾಗಿನ ಅದೇ ಬೆರಳು. ಅಣ್ಣನದು ಸಿಕ್ಕಿದ ದಿನ ಅದನ್ನು ಗಟ್ಟಿಯಾಗಿ ಓದುತ್ತಾಳೆ, ಮೂರನೆಯ 'ಬನ್ನಿ'ಯನ್ನು ಎಳೆಯಲು ಹೋಗಿ ಧ್ವನಿ ಸಾಲದೆ ನಿಲ್ಲಿಸುತ್ತಾಳೆ. ಸಿಕ್ಕ ಮೇಲೂ ಮುಚ್ಚುವುದಿಲ್ಲ. ಆ ಮೊದಮೊದಲಿನದನ್ನು ಹುಡುಕುವವರ ಹಾಗೆ ಇನ್ನೂ ಕೆಳಕ್ಕೆ ಹೋಗುತ್ತಾಳೆ, ಪಟ್ಟಿ ಮುಗಿಯುವ ತನಕ. ಮುಗಿದ ಮೇಲೂ, ಅಲ್ಲಿ ಬರೀ ಬಿಳಿ ಉಳಿದಿದ್ದರೂ, ಇನ್ನೊಂದು ಸಲ ಎಳೆದು ನೋಡುತ್ತಾಳೆ.